ಹಳೆಯ ಕನ್ನಡ ಫೈಲುಗಳನ್ನು ಯುಟಿಎಫ್-8ಕ್ಕೆ ತರಲು ಯಾವುದು ವಾಸಿ? ಬ್ಯಾಚ್ ಫೈಲ್, ಪವರ್‌ಶೆಲ್, ಐಕಾನ್ವ್, ಪೈಥಾನ್

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಒಂದು ತಾಳಮದ್ದಳೆ ಕೂಟದವರ ಪ್ರಸಂಗದ ಪದ್ಯಗಳು ಫೋಲ್ಡರ್ ತುಂಬಾ ಇದ್ದವು. ಎಲ್ಲವೂ ಟೆಕ್ಸ್ಟ್ ಫೈಲ್. ಹೊರಗಿನಿಂದ ಎಲ್ಲ ಒಂದೇ ಥರ, ಒಳಗೆ ನಾಲ್ಕು ಜಾತಿ. ಅಂದರೆ ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಕ್ರಮ (ಎನ್‌ಕೋಡಿಂಗ್) ನಾಲ್ಕು ಥರ. ಹಳೆಯ ನೋಟ್‌ಪ್ಯಾಡ್‌ನಲ್ಲಿ ‘ಯೂನಿಕೋಡ್’ ಅಂತ ಆರಿಸಿ ಉಳಿಸಿದ ಯುಟಿಎಫ್-16 ಫೈಲುಗಳು. ಮೊಬೈಲಿನಿಂದ ಬಂದ ಯುಟಿಎಫ್-8, ಇದೂ ಯೂನಿಕೋಡೇ. ಯೂನಿಕೋಡ್ ಅಲ್ಲದ ನುಡಿ ಫಾಂಟಿನಲ್ಲಿ ಟೈಪ್ ಮಾಡಿದವು. ಕೊನೆಗೆ, ಯಾವುದೋ ಡಿಟಿಪಿ ಅಂಗಡಿಯ ಕಾಲದ, ಇಸ್ಕಿ ಎಂಬ ಹಳೆಯ ಭಾರತೀಯ ಸಂಕೇತದವು. ಎಲ್ಲವನ್ನೂ ಯುಟಿಎಫ್-8ಕ್ಕೆ ತರಬೇಕಿತ್ತು. ಒಂದೊಂದನ್ನೇ ತೆರೆದು ‘ಸೇವ್ ಆ್ಯಸ್’ ಮಾಡುತ್ತಾ ಕೂತರೆ ಮಳೆಗಾಲವೇ ಮುಗಿದೀತು. ಹಾಗಾಗಿ ಕಮಾಂಡ್ ಲೈನಿನ ನಾಲ್ಕು ದಾರಿಗಳನ್ನೂ ಇದೇ ಫೋಲ್ಡರಿನ ನಕಲಿನ ಮೇಲೆ ಓಡಿಸಿ ನೋಡಿದೆ.

ಏನನ್ನೂ ಇನ್‌ಸ್ಟಾಲ್ ಮಾಡದೆ ಆಗುವುದು ವಿಂಡೋಸ್‌ನ ಬ್ಯಾಚ್ ಫೈಲ್. ಮೊದಲು ‘ಸಿಎಚ್‌ಸಿಪಿ 65001’ ಕೊಟ್ಟು ಕೋಡ್ ಪೇಜನ್ನು, ಅಂದರೆ ಯಾವ ಬೈಟಿಗೆ ಯಾವ ಅಕ್ಷರ ಅನ್ನುವ ಪಟ್ಟಿಯನ್ನು, ಯುಟಿಎಫ್-8 ಮಾಡಬೇಕು. ಆಮೇಲೆ ‘ಟೈಪ್’ ಕಮಾಂಡಿನಲ್ಲಿ ಫೈಲನ್ನು ಓದಿಸಿ, ಹೊರಬಂದದ್ದನ್ನು ಬೇರೆ ಫೈಲಿಗೆ ತಿರುಗಿಸಿದರೆ (ರಿಡೈರೆಕ್ಟ್) ಆಯಿತು. ಯುಟಿಎಫ್-16 ಫೈಲಿನ ತಲೆಯಲ್ಲಿ ಬಾಮ್ ಎಂಬ ಕಾಣದ ಗುರುತು ಇದ್ದರೆ ‘ಟೈಪ್’ ಅದನ್ನು ನೋಡಿ ತಾನೇ ಬದಲಾಯಿಸಿಕೊಳ್ಳುತ್ತದೆ. ಇಡೀ ಫೋಲ್ಡರಿಗೆ ಒಂದು ‘ಫಾರ್’ ಲೂಪ್ ಸಾಕು. ಲೂಪಿನ ವೇರಿಯೇಬಲ್ ಹೆಸರಿನ ಮುಂದೆ ಪ್ರಾಂಪ್ಟಿನಲ್ಲಿ ಒಂದು ಪರ್ಸೆಂಟ್ ಚಿಹ್ನೆ, ಬ್ಯಾಚ್ ಫೈಲಿನೊಳಗೆ ಎರಡು. ಆದರೆ 65001ರ ಸಾಲು ಇಲ್ಲದೆ ಓಡಿಸಿದರೆ ಕನ್ನಡದ ಪ್ರತಿ ಅಕ್ಷರವೂ ಪ್ರಶ್ನಾರ್ಥಕ ಚಿಹ್ನೆ ಆಗುತ್ತದೆ. ಎಚ್ಚರಿಕೆ ಇಲ್ಲ, ಎರರ್ ಇಲ್ಲ. ವಿಂಡೋಸ್‌ನಲ್ಲಿ ಕನ್ನಡಕ್ಕೆ ಅಂತ ಆನ್ಸಿ (ಯೂನಿಕೋಡ್ ಅಲ್ಲದ ಹಳೆಯ ಕ್ರಮದ) ಕೋಡ್ ಪೇಜ್ ಯಾವತ್ತೂ ಇರಲಿಲ್ಲ, ಅದಕ್ಕೇ ಹೀಗೆ. ಇಸ್ಕಿ, ನುಡಿ ಇದರ ಕೈಗೆ ಬರುವುದಿಲ್ಲ. ಯುಟಿಎಫ್-16 ಫೈಲುಗಳು ಮಾತ್ರ ಇದ್ದರೆ ಸರಿ, ಇಲ್ಲದಿದ್ದರೆ ಮುಂದಕ್ಕೆ ಹೋಗಿ.

ಪವರ್‌ಶೆಲ್ ಇದಕ್ಕಿಂತ ಜಾಣ. ಆದರೆ ಯಾವ ಪವರ್‌ಶೆಲ್ ಅನ್ನುವುದು ಮುಖ್ಯ. ವಿಂಡೋಸ್ 10 ಮತ್ತು 11ರ ಜೊತೆ ಬರುವುದು 5.1. ಅದು ಬಾಮ್ ಇಲ್ಲದ ಯುಟಿಎಫ್-8 ಫೈಲನ್ನು ಸುಮ್ನೆ ಆನ್ಸಿ ಅಂದುಕೊಂಡು ಓದುತ್ತದೆ. ಎನ್‌ಕೋಡಿಂಗ್ ಯುಟಿಎಫ್-8 ಅಂತ ಕೊಟ್ಟು ಬರೆಸಿದರೆ ತಲೆಗೆ ಬಾಮ್ ಅಂಟಿಸುತ್ತದೆ. ರಿಡೈರೆಕ್ಟ್ ಮಾಡಿದರೆ ಯುಟಿಎಫ್-16 ಬರೆಯುತ್ತದೆ. ಬೇರೆಯಾಗಿ ಹಾಕಿಕೊಳ್ಳುವ 7ರಲ್ಲಿ ಈ ಗೋಜಲಿಲ್ಲ, ಬಾಮ್ ಇಲ್ಲದ ಯುಟಿಎಫ್-8 ಅಲ್ಲಿ ಡಿಫಾಲ್ಟ್. ಬಾಮ್ ಇದ್ದರೆ ಏನು ನಷ್ಟ ಅಂತ ಕೇಳಬಹುದು. ಒಂದೇ ಫೈಲಾದರೆ ಏನೂ ಇಲ್ಲ. ಆದರೆ ಪ್ರಸಂಗದ ತುಂಡುಗಳನ್ನು ಒಂದರ ಹಿಂದೆ ಒಂದು ಜೋಡಿಸಿದಾಗ ಆ ಕಾಣದ ಗುರುತು ಪದ್ಯಗಳ ನಡುವೆ ಕೂರುತ್ತದೆ. ಸಾಲಿನ ಮೊದಲ ಪದ ಕಣ್ಣೆದುರೇ ಇರುತ್ತದೆ, ಸಾಲಿನ ಆರಂಭಕ್ಕೆ ಅಂತ ಹುಡುಕಿದರೆ ಸಿಗುವುದಿಲ್ಲ.

5.1ರಲ್ಲೇ ಕೆಲಸ ಆಗಬೇಕೆಂದರೆ ಪವರ್‌ಶೆಲ್‌ನ ಬುಡದಲ್ಲಿರುವ ಡಾಟ್‌ನೆಟ್‌ನ ‘ರೀಡ್ ಆಲ್ ಟೆಕ್ಸ್ಟ್’, ‘ರೈಟ್ ಆಲ್ ಟೆಕ್ಸ್ಟ್’ ಬಳಸಿ. ಎರಡನೆಯದು ಬಾಮ್ ಇಲ್ಲದೆ ಬರೆಯುತ್ತದೆ. ಫೈಲಿನ ಪೂರ್ತಿ ದಾರಿ ಕೊಡಬೇಕು, ಬರೀ ಹೆಸರು ಕೊಟ್ಟರೆ ಅದು ಬೇರೆಯೇ ಫೋಲ್ಡರಿನಲ್ಲಿ ಹುಡುಕುತ್ತದೆ.

ಪವರ್‌ಶೆಲ್ ಗೆದ್ದದ್ದು ಇಸ್ಕಿಯಲ್ಲಿ. ಇಸ್ಕಿ ಅಂದರೆ 1991ರಲ್ಲಿ ಐಎಸ್ 13194 ಅಂತ ಬಂದ ಭಾರತೀಯ ಮಾನಕ. ಅದರಲ್ಲಿ ಕನ್ನಡದ ‘ಕ’ಕ್ಕೂ ಮಲಯಾಳದ ‘ಕ’ಕ್ಕೂ ಒಂದೇ ಬೈಟ್, ಲಿಪಿ ಯಾವುದು ಅನ್ನುವುದನ್ನು ಓದುವ ಪ್ರೋಗ್ರಾಂಗೆ ಬೇರೆಯಾಗಿ ಹೇಳಬೇಕು. ವಿಂಡೋಸ್‌ನಲ್ಲಿ ಕೋಡ್ ಪೇಜ್ 57008 ಕನ್ನಡ, 57009 ಮಲಯಾಳ. ಒಂದು ಅಂಕಿ ಆಚೀಚೆ ಆದರೆ ಪ್ರಸಂಗ ಪೂರ್ತಿ ಮಲಯಾಳ ಲಿಪಿಯಲ್ಲಿ ಹೊರಬರುತ್ತದೆ. ಮಾತು ಕನ್ನಡದ್ದೇ, ಲಿಪಿ ಮಾತ್ರ ಬೇರೆ. ಕಾಸರಗೋಡಿನಲ್ಲಿ ಕನ್ನಡ ಕೇಳಿ ಅರ್ಥವಾದರೂ ಓದಲು ಬಾರದ ಮಕ್ಕಳು ಎಷ್ಟು ಮಂದಿ ಇಲ್ಲ? ಅವರಿಗೆ ಅಂತ ನಾನು ಒಂದು ಪ್ರಸಂಗವನ್ನು ಬೇಕೆಂದೇ 57009ರಲ್ಲಿ ತೆಗೆದು ಇಟ್ಟಿದ್ದೇನೆ. ಎನ್‌ಕೋಡಿಂಗ್ ಬದಲಿಸುವ ಕಮಾಂಡ್ ಐಕಾನ್ವ್ ಮತ್ತು ಪೈಥಾನ್ ಭಾಷೆ ಎರಡಕ್ಕೂ ಇಸ್ಕಿ ಗೊತ್ತಿಲ್ಲ. ಲಿನಕ್ಸ್‌ನಲ್ಲೇ ಮಾಡಬೇಕು ಅನ್ನುವವರಿಗೆ ಐಸಿಯು ಎಂಬ ಯೂನಿಕೋಡ್ ಲೈಬ್ರರಿಯ ‘ಯುಕಾನ್ವ್’ ಇದೆ.

ಇಸ್ಕಿ, ನುಡಿ ಬಿಟ್ಟು ಉಳಿದದ್ದಕ್ಕೆ ನನ್ನ ಓಟು ಐಕಾನ್ವ್‌ಗೆ. ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಇನ್ನೊಂದು ಅನುಕೂಲ ಇದೆ. ಕೇರಳದ ಶಾಲೆಗಳಲ್ಲಿ ಐಟಿ ಪಾಠ ನಡೆಯುವುದು ಲಿನಕ್ಸ್ ಮೇಲೆ, ಸರಕಾರದ ಕೈಟ್ ಸಂಸ್ಥೆ ಕೊಡುವ ಉಬುಂಟು ಆಧರಿಸಿದ ವ್ಯವಸ್ಥೆಯಲ್ಲಿ. ಹಾಗಾಗಿ ಕನ್ನಡ ಮಾಧ್ಯಮದ ಮಾಷ್ಟ್ರ ಲ್ಯಾಪ್‌ಟಾಪಿನಲ್ಲೂ ಐಕಾನ್ವ್ ಮೊದಲೇ ಕೂತಿರುತ್ತದೆ. ವಿಂಡೋಸ್‌ನವರಿಗೆ ಗಿಟ್ ಎಂಬ ಪ್ರೋಗ್ರಾಂ ಹಾಕಿಕೊಂಡರೆ ಅದರ ಜೊತೆ ಬರುತ್ತದೆ.

ನನಗೆ ಇದು ಹಿಡಿಸಿದ್ದು ವೇಗಕ್ಕಲ್ಲ. ಬೈಟು ಹೊಂದದಿದ್ದರೆ ಇದು, ತಾಳ ತಪ್ಪಿದ ಕೂಡಲೇ ಪದ ನಿಲ್ಲಿಸುವ ಭಾಗವತರ ಹಾಗೆ, ಅಲ್ಲೇ ನಿಲ್ಲುತ್ತದೆ. ಎಲ್ಲಿ ಸಿಕ್ಕಿಬಿತ್ತು ಅಂತಲೂ ಹೇಳುತ್ತದೆ. ಮೊದಲೆರಡು ಉಪಕರಣಗಳು ಹಾಗಲ್ಲ, ತಿಳಿಯದ್ದಕ್ಕೆ ಗುರುತು ಹಾಕಿ ಮುಂದೆ ಹೋಗುತ್ತವೆ. ‘ಮೈನಸ್ ಸಿ’ ಕೊಟ್ಟರೆ ಐಕಾನ್ವ್ ಕೂಡ ತಪ್ಪು ಬೈಟುಗಳನ್ನು ಬಿಟ್ಟು ಮುಂದೆ ಸಾಗುತ್ತದೆ. ಆ ಆಯ್ಕೆಯನ್ನು ದಯವಿಟ್ಟು ಬಳಸಬೇಡಿ. ಬರೆಯುವ ಫೈಲು ಬೇರೆ ಫೋಲ್ಡರಿನಲ್ಲಿರಲಿ. ಓದುವ ಫೈಲಿಗೇ ರಿಡೈರೆಕ್ಟ್ ಮಾಡಿದರೆ ಓದುವ ಮೊದಲೇ ಶೆಲ್ ಅದನ್ನು ಖಾಲಿ ಮಾಡುತ್ತದೆ.

ಇದರಲ್ಲೂ ಒಂದು ಕಳ್ಳದಾರಿ ಇದೆ. ಮೂಲ ‘ಯುಟಿಎಫ್-16’ ಅಂತ ಹೇಳಿದರೆ ಬಾಮ್ ನೋಡಿ, ಅದನ್ನು ತೆಗೆದು ಬರೆಯುತ್ತದೆ. ‘ಯುಟಿಎಫ್-16ಎಲ್‌ಇ’ (ಎಲ್‌ಇ: ಕೆಳಗಿನ ಬೈಟ್ ಮೊದಲು) ಅಂದರೆ ಬಾಮ್ ಹಾಗೇ ಉಳಿಯುತ್ತದೆ. ಬಾಮ್ ಇಲ್ಲದ ಫೈಲಾದರೆ ಲಿನಕ್ಸ್‌ನ ಐಕಾನ್ವ್ ಯಂತ್ರದ ಬೈಟ್ ಕ್ರಮ ಹಿಡಿಯುತ್ತದೆ, ಗಿಟ್ ಜೊತೆ ಬರುವುದು ತಿರುಗುಮುರುಗು ಕ್ರಮ ಹಿಡಿಯುತ್ತದೆ. ಆಗ ಪಂಚವಟಿ ಪ್ರಸಂಗದ ಬದಲು ಚೀನೀ ಮತ್ತು ಕೊರಿಯನ್ ಅಕ್ಷರಗಳ ಬೆರಕೆ ಸಿಗುತ್ತದೆ. ‘ಕ’ದ ಎರಡು ಬೈಟು ಅದಲುಬದಲಾದರೆ ಚೀನೀ ಅಕ್ಷರ, ಕೊಂಬಿನದು ಅದಲುಬದಲಾದರೆ ಕೊರಿಯನ್. ಹೀಗೆ ಕಂಡರೆ ಗಾಬರಿ ಬೇಡ, ಎಲ್‌ಇ ಅಂತ ಸೇರಿಸಿ ಮತ್ತೆ ಓಡಿಸಿ.

ನುಡಿಯ ಫೈಲಿಗೆ ಬಂದಾಗ ಆಟವೇ ಬೇರೆ. ಅದರಲ್ಲಿ ಇರುವುದು ಅಕ್ಷರಗಳಲ್ಲ, ಅಕ್ಷರದ ತುಂಡುಗಳು. ‘ಕನ್ನಡ’ ಅಂದರೆ ಯೂನಿಕೋಡ್‌ನಲ್ಲಿ ಐದು ಸಂಕೇತ, ಯುಟಿಎಫ್-8ರಲ್ಲಿ 15 ಬೈಟ್, ಯುಟಿಎಫ್-16ರಲ್ಲಿ 10. ನುಡಿಯಲ್ಲಿ 7 ಬೈಟ್: ಕದ ಬುಡ, ತಲಕಟ್ಟು, ನದ ಬುಡ, ತಲಕಟ್ಟು, ನ ಒತ್ತು, ಡದ ಬುಡ, ತಲಕಟ್ಟು. ಐಕಾನ್ವ್‌ಗೆ ವಿಂಡೋಸ್-1252 ಅಂತ ಹೇಳಿದರೆ ತಕರಾರಿಲ್ಲದೆ ಪರಿವರ್ತಿಸುತ್ತದೆ, ಹೊರಬರುವುದು ಲ್ಯಾಟಿನ್ ಕಸ. ಆದರೆ ಬೇರೆ ಫೈಲುಗಳಿಂದ ಇವನ್ನು ಬೇರ್ಪಡಿಸಲು ಐಕಾನ್ವ್ ಬಹಳ ಒಳ್ಳೆಯದು. ನುಡಿಯ ತಲಕಟ್ಟು 192ನೇ ಬೈಟ್, ಸರಿಯಾದ ಯುಟಿಎಫ್-8ರಲ್ಲಿ ಆ ಬೈಟ್ ಬರುವುದೇ ಇಲ್ಲ. ಯುಟಿಎಫ್-8ರಿಂದ ಯುಟಿಎಫ್-8ಕ್ಕೇ ಪರಿವರ್ತಿಸಲು ಹೇಳಿ, ಮೊದಲ ತಲಕಟ್ಟಿಗೇ ನಿಂತುಬಿಡುತ್ತದೆ. ಪಾಸಾದ ಫೈಲನ್ನು ಮುಟ್ಟಬೇಡಿ, ಅದು ಮೊದಲೇ ಸರಿ ಇದೆ.

ಪರಿವರ್ತನೆಗೆ ಪೈಥಾನೇ ಬೇಕು. ತುಂಡುಗಳ ಪಟ್ಟಿಯೊಂದು, ಕ್ರಮ ಬದಲಿಸುವ ನಿಯಮಗಳು ಕೆಲವು. ಒತ್ತಕ್ಷರಕ್ಕೆ ಸ್ವರ ಸೇರಿದಾಗ ನುಡಿಯಲ್ಲಿ ಸ್ವರ ಮೊದಲು, ಒತ್ತು ಆಮೇಲೆ. ಯೂನಿಕೋಡ್‌ನಲ್ಲಿ ಸ್ವರ ಕೊನೆಗೆ. ‘ಸೂರ್ಯ’ದಲ್ಲಿ ಅರ್ಕಾವತ್ತು ನುಡಿಯಲ್ಲಿ ‘ಯ’ದ ಆಚೆ ಇರುತ್ತದೆ, ಯೂನಿಕೋಡ್‌ನಲ್ಲಿ ‘ರ’ ‘ಯ’ಕ್ಕಿಂತ ಮುಂಚೆ ಬರಬೇಕು. ಬರೀ ಹುಡುಕಿ ಬದಲಿಸುವ ಸ್ಕ್ರಿಪ್ಟ್ ಇಲ್ಲೇ ಸೋಲುತ್ತದೆ. ಬೇರೆ ಪರಿವರ್ತಕ ತಂದರೂ ಮೊದಲು ‘ಸೂರ್ಯ’, ‘ಧರ್ಮರಾಯ’, ‘ಅರ್ಜುನ’ ಕೊಟ್ಟು ನೋಡಿ. ಪ್ರಸಂಗದಲ್ಲಿ ಅರ್ಕಾವತ್ತಿಗೆ ಬರವಿಲ್ಲ ಅಲ್ವಾ. ಫೈಲ್ ತೆರೆಯುವಾಗ ಎನ್‌ಕೋಡಿಂಗ್ ಹೆಸರಿಸಿ ಹೇಳಿ, ಬಾಮ್ ಇರುವುದಕ್ಕೆ ‘ಯುಟಿಎಫ್-8-ಸಿಗ್’ ಅನ್ನಿ.

ಪೈಥಾನಿನಿಂದಲೂ ಆಗದ್ದು ಒಂದಿದೆ. ನುಡಿ ಫೈಲಿನ ನಡುವೆ ಯಾರಾದರೂ ಇಂಗ್ಲಿಷಿನಲ್ಲಿ ಫೋನ್ ನಂಬರಿನ ಜೊತೆ ಹೆಸರು ಬರೆದಿಟ್ಟಿದ್ದರೆ ಅದೂ ಕನ್ನಡದ ತುಂಡುಗಳಾಗಿ ಹೋಗುತ್ತದೆ. ಟೆಕ್ಸ್ಟ್ ಫೈಲಿನಲ್ಲಿ ಫಾಂಟಿನ ಗುರುತು ಉಳಿಯುವುದಿಲ್ಲ, ಯಾವುದು ಇಂಗ್ಲಿಷು ಯಾವುದು ಕನ್ನಡ ಅಂತ ತಿಳಿಯಲು ಸ್ಕ್ರಿಪ್ಟಿಗೆ ದಾರಿಯಿಲ್ಲ. ಅಂಥ ಸಾಲುಗಳನ್ನು ಹಳೆಯ ಫೈಲಿನ ಜೊತೆ ಇಟ್ಟುಕೊಂಡು ಕೈಯಲ್ಲೇ ತಿದ್ದಬೇಕು.