ಜಾಂಗೊ ಯುಟಿಲ್ಸ್: ಅಟ್ಟ ಖಾಲಿಯಾಯಿತು, ಕಾಗುಣಿತ ಮಾತ್ರ ಇನ್ನೂ ಬಂದಿಲ್ಲ

ಎರಡು ಸೈಟುಗಳನ್ನು ಜಾಂಗೊ (ಪೈಥಾನ್ ಭಾಷೆಯಲ್ಲಿ ವೆಬ್‌ಸೈಟು ಕಟ್ಟುವ ಚೌಕಟ್ಟು) 2.2ರಿಂದ 5.2ಕ್ಕೆ ಏರಿಸಿ ಮುಗಿಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಒಂದು ಶಿವಮೊಗ್ಗ ಕಡೆಯ ಅಡಿಕೆ ವ್ಯಾಪಾರಿಗಳ ಟೆಂಡರ್ ಸೈಟು, ಇನ್ನೊಂದು ಕನ್ನಡದ ಒಂದು ಮಾಸಪತ್ರಿಕೆಯದ್ದು. 2.2 ಬಂದಿದ್ದು 2019ರ ಏಪ್ರಿಲ್‌ನಲ್ಲಿ, ಅದರ ಬೆಂಬಲ ನಿಂತಿದ್ದು 2022ರಲ್ಲಿ. ಆದರೂ ಸೈಟು ಓಡುತ್ತಿದೆಯಲ್ಲ, ಮುಟ್ಟೋದು ಬೇಡ ಅಂತ ಮಾಲೀಕರು ಕೂತಿದ್ದರು. ಯಾವ ಊರಿನ ಮಾಲೀಕರೂ ಹೀಗೇ ಬಿಡಿ.

ಓಆರ್‌ಎಂ, ಅಡ್ಮಿನ್, ಅಸಿಂಕ್, ಇಂಥ ಜಾಂಗೊದ ದೊಡ್ಡ ಭಾಗಗಳ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಹೇಳಹೊರಟಿರುವುದು ಯಾರೂ ಮಾತಾಡದ ಯುಟಿಲ್ಸ್, ಅಂದರೆ ಸಣ್ಣಪುಟ್ಟ ಉಪಕರಣಗಳ ಫೋಲ್ಡರಿನ ಬಗ್ಗೆ. ಮನೆಯ ಅಟ್ಟ ಇದ್ದ ಹಾಗೆ ಅದು: ದಿನಾ ಹತ್ತುವುದಿಲ್ಲ, ಆದರೆ ಬೇಕಾದ್ದೆಲ್ಲ ಅಲ್ಲೇ ಇರುತ್ತದೆ. ಜಾಂಗೊದವರೇ ದಾಖಲೆಯಲ್ಲಿ ಹೇಳಿಬಿಟ್ಟಿದ್ದಾರೆ, ಇದರಲ್ಲಿ ಹೆಚ್ಚಿನದೆಲ್ಲ ನಮ್ಮ ಒಳಬಳಕೆಗೆ, ಇಲ್ಲಿ ಬರೆದಿರುವಷ್ಟನ್ನು ಮಾತ್ರ ನಂಬಿ ಅಂತ. ಓದಿದವರು ಯಾರು? ಎಲ್ಲರೂ ಒಳಗೆ ಕೈ ಹಾಕಿ ಸಿಕ್ಕಿದ್ದನ್ನು ಇಂಪೋರ್ಟ್ ಮಾಡಿಕೊಂಡವರೇ.

ಈ ಐದಾರು ವರ್ಷಗಳಲ್ಲಿ ಅಲ್ಲಿ ನಡೆದಿರುವ ಮುಖ್ಯ ಕೆಲಸ ಗುಡಿಸುವುದು. ನನಗೆ ಇಷ್ಟವಾದದ್ದೂ ಅದೇ. 3.0ರಲ್ಲಿ, ಅಂದರೆ 2019ರ ಡಿಸೆಂಬರಿನಲ್ಲಿ, ಪೈಥಾನ್ 2ರ ಕಾಲದ, 2 ಮತ್ತು 3 ಎರಡರಲ್ಲೂ ಕೋಡು ಓಡಿಸಲು ಇದ್ದ ಸಿಕ್ಸ್ ಹೊರಗೆ ಹೋಯಿತು. ಫೋರ್ಸ್ ಟೆಕ್ಸ್ಟ್, ಸ್ಮಾರ್ಟ್ ಟೆಕ್ಸ್ಟ್, ತಲೆಯಲ್ಲಿ ಯು ಅಂಟಿಸಿಕೊಂಡಿದ್ದ ಯುಗೆಟ್‌ಟೆಕ್ಸ್ಟ್ ಸಂಸಾರ, ಯುಆರ್‌ಎಲ್ ಕೋಟ್, ಇವಕ್ಕೆಲ್ಲ ಅದೇ ಆವೃತ್ತಿಯಲ್ಲಿ ನೋಟಿಸು ಕೊಟ್ಟು 4.0ರಲ್ಲಿ ಖಾಲಿ ಮಾಡಿಸಿದರು. ಪೈಥಾನಿನಲ್ಲೇ ಇರುವುದನ್ನು ನಾವ್ಯಾಕೆ ಇಟ್ಟುಕೊಳ್ಳಬೇಕು ಅನ್ನುವ ಲೆಕ್ಕ. ಸಂಖ್ಯೆಗಳನ್ನು ಚಿಕ್ಕ ಅಕ್ಷರಸಾಲಿಗೆ ಬದಲಿಸುವ ಬೇಸ್‌ಕಾನ್ವ್‌ಗೆ 4.0ರಲ್ಲಿ ನೋಟಿಸು ಬಂತು, 5.0ರಲ್ಲಿ ಅದು ಹೋಯಿತು. ಪತ್ರಿಕೆಯ ಚಿಕ್ಕ ಲಿಂಕುಗಳೆಲ್ಲ ಅದರ ಬೇಸ್ 62 ಮೇಲೆ ನಿಂತಿದ್ದವು. ಹಳೇ ಫೈಲನ್ನು ಹಾಗೇ ಎತ್ತಿ ನಮ್ಮ ಫೋಲ್ಡರಿಗೆ ಹಾಕಿಕೊಂಡೆ, ಲೈಸೆನ್ಸ್ ಬಿಎಸ್‌ಡಿ, ತಕರಾರಿಲ್ಲ.

ನೋಟಿಸು ಕೊಡುವ ರೀತಿಯೂ ಮರ್ಯಾದಸ್ಥರದ್ದು. ತೆಗೆಯುವ ಮುಂಚೆ ಕನಿಷ್ಠ ಎರಡು ಆವೃತ್ತಿಗಳಲ್ಲಿ ಎಚ್ಚರಿಕೆ ಬರುತ್ತದೆ, ಯಾವ ಆವೃತ್ತಿಯಲ್ಲಿ ಹೋಗುತ್ತದೆ ಅನ್ನುವುದು ಎಚ್ಚರಿಕೆಯ ಹೆಸರಿನಲ್ಲೇ ಇರುತ್ತದೆ. ಟೆಸ್ಟ್ ಓಡಿಸುವಾಗ ಪೈಥಾನಿಗೆ ಎಚ್ಚರಿಕೆ ತೋರಿಸು ಅಂತ ಫ್ಲಾಗ್ ಕೊಟ್ಟರೆ ಫೈಲು, ಸಾಲು ಸಮೇತ ಹೇಳುತ್ತದೆ. 2.2ರಿಂದ 3.2, ಅಲ್ಲಿಂದ 4.2, ಅಲ್ಲಿಂದ 5.2, ಹೀಗೆ ದೀರ್ಘ ಬೆಂಬಲದ ಆವೃತ್ತಿಗಳ ಮೇಲೇ ಕಾಲಿಡುತ್ತ ಬಂದರೆ ಜಾರುವುದಿಲ್ಲ. ಹೆಸರು ಬದಲಾದವನ್ನು ಜಾಂಗೊ ಅಪ್‌ಗ್ರೇಡ್ ಅನ್ನುವ ಟೂಲು ತಾನೇ ತಿದ್ದುತ್ತದೆ. ತಿದ್ದದೇ ಉಳಿಯುವುದು ಸಣ್ಣಪುಟ್ಟವು. ಪುಟದಲ್ಲಿ ಬರುವ ಅಪಾಯಕಾರಿ ಚಿಹ್ನೆಗಳನ್ನು ನಿರುಪದ್ರವಿ ಸಂಕೇತಗಳಾಗಿ ಬದಲಿಸುವ ಎಚ್‌ಟಿಎಂಎಲ್ ಎಸ್ಕೇಪ್ 3.0ರಿಂದ ಪೈಥಾನಿನದನ್ನೇ ಬಳಸುತ್ತದೆ. ಒಂಟಿ ಉದ್ಧರಣ ಚಿಹ್ನೆಗೆ ಮೊದಲು ದಶಮಾಂಶದ 39 ಹಾಕುತ್ತಿತ್ತು, ಈಗ ಹೆಕ್ಸಿನ 27 ಹಾಕುತ್ತದೆ. ಬ್ರೌಸರಿಗೆ ಎರಡೂ ಒಂದೇ, ಆದರೆ ಅಕ್ಷರಕ್ಕೆ ಅಕ್ಷರ ಹೋಲಿಸುವ ಟೆಸ್ಟುಗಳೆಲ್ಲ ಸಾಲಾಗಿ ಕೆಂಪಾದವು.

ಅಡಿಕೆ ಸೈಟಿಗೆ ದೊಡ್ಡ ಲಾಭವಾಗಿದ್ದು ಟೈಮ್‌ಝೋನಿನಲ್ಲಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಳೇ ಜಾಂಗೊ ಪೈಟೀಝಡ್ ಅನ್ನುವ ಲೈಬ್ರರಿ ನಂಬಿಕೊಂಡಿತ್ತು. ಅದರಿಂದ ಏಷ್ಯಾ ಕೋಲ್ಕತ್ತಾ ವಲಯ ತೆಗೆದು ನೇರವಾಗಿ ಒಂದು ಸಮಯಕ್ಕೆ ಅಂಟಿಸಿದರೆ ಸಿಗುವುದು ಯುಟಿಸಿಗೆ, ಅಂದರೆ ಜಗತ್ತಿನ ಮೂಲ ಕಾಲಮಾನಕ್ಕೆ, ಐದೂವರೆ ಗಂಟೆಯ ಅಂತರವಲ್ಲ, 5 ಗಂಟೆ 53 ನಿಮಿಷ! ಅದು ಕಲ್ಕತ್ತೆಯ ಹಳೇ ಸ್ಥಳೀಯ ಸೂರ್ಯಮಾನ, 1906ರಲ್ಲಿ ಭಾರತೀಯ ಕಾಲಮಾನ ಬರುವ ಮುಂಚಿನದು. ಪೈಟೀಝಡ್ ಪಟ್ಟಿಯಲ್ಲಿ ಅದೇ ಮೊದಲ ಸಾಲು, ಹಾಗಾಗಿ ಅದೇ ಕೈಗೆ ಬರುತ್ತದೆ. ಲೋಕಲೈಸ್ ಅನ್ನುವ ಬೇರೆ ದಾರಿಯಲ್ಲಿ ಹೋಗಬೇಕು ಅಂತ ಅದರ ದಾಖಲೆಯಲ್ಲಿ ಬರೆದಿತ್ತು, ಸಮಯಕ್ಕೆ ವಲಯ ಸೇರಿಸುವ ಜಾಂಗೊದ ಮೇಕ್ ಅವೇರ್ ಆ ದಾರಿಯಲ್ಲೇ ಹೋಗುತ್ತಿತ್ತು. ಆದರೆ ಈ ಸೈಟಿನ ಕೋಡು ನನ್ನ ಕೈಗೆ ಬಂದಾಗ ಒಂದು ಕಡೆ ಕೈಯಲ್ಲೇ ಅಂಟಿಸಿದ್ದರು. ರಾಶಿ, ಬೆಟ್ಟೆ, ಗೊರಬಲು, ಹೀಗೆ ಎಲ್ಲ ಬಗೆಯ ಅಡಿಕೆಯ ಟೆಂಡರೂ ಮೂರು ಗಂಟೆಗೆ ಮುಗಿಯಬೇಕು, ಅದೊಂದು ಪುಟದಲ್ಲಿ ಮಾತ್ರ 2:37ಕ್ಕೆ ಬಾಗಿಲು ಹಾಕುತ್ತಿತ್ತು. ಸರ್ವರ್ ಗಡಿಯಾರ ಸರಿಯಿಲ್ಲ ಅಂತ ಮಂಡಿಯವರು ಅದಕ್ಕೊಂದು ಪರಿಹಾರವನ್ನೂ ಕಂಡುಕೊಂಡಿದ್ದರು: ಆ ಪುಟದಲ್ಲಿ ಮುಕ್ತಾಯದ ಸಮಯ 3:23 ಅಂತ ತುಂಬುವುದು. ಮಾರಾಯ್ರೆ, ಲೆಕ್ಕ ಸರಿಯಾಗೇ ಇದೆ!

4.0ರಿಂದ ಜಾಂಗೊ ಪೈಥಾನಿನದೇ ಝೋನ್‌ಇನ್ಫೋಗೆ ಬಂತು, 5.0ರಲ್ಲಿ ಪೈಟೀಝಡ್ ಬೆಂಬಲವನ್ನು ಪೂರ್ತಿ ಕಿತ್ತುಹಾಕಿದರು. ಈಗ ವಲಯವನ್ನು ನೇರ ಅಂಟಿಸಿದರೂ ಐದೂವರೆ ಗಂಟೆಯೇ ಬರುತ್ತದೆ. ಯುಟಿಸಿಗೆ ಜಾಂಗೊದಲ್ಲಿದ್ದ ಅಡ್ಡಹೆಸರೂ 5.0ರಲ್ಲಿ ಹೋಯಿತು, ಪೈಥಾನಿನ ಡೇಟ್‌ಟೈಮ್‌ನಿಂದ ತಗೊಳ್ಳಬೇಕು. ಮಂಡಿಯವರಿಗೆ ಇನ್ನು ಮೂರು ಗಂಟೆಗೆ ಮೂರೇ ತುಂಬಿ ಅಂತ ಒಪ್ಪಿಸುವುದು ಕೋಡು ಬದಲಿಸಿದ್ದಕ್ಕಿಂತ ಕಷ್ಟವಾಯಿತು.

ಭದ್ರತೆಯ ವಿಷಯದಲ್ಲೂ ಯುಟಿಲ್ಸ್ ಗಟ್ಟಿಯಾಗಿದೆ, ಆಗಲೇಬೇಕಿತ್ತು. ಲೇಖನದ ಮೊದಲ ನಾಲ್ಕು ಸಾಲು ಕತ್ತರಿಸಿ ತೋರಿಸುವ ಟ್ರಂಕೇಟರ್ ಇದೆಯಲ್ಲ, ಅದರ ಎಚ್‌ಟಿಎಂಎಲ್ ಭಾಗ ರೆಜೆಕ್ಸ್, ಅಂದರೆ ಪಠ್ಯದ ಮಾದರಿ ಹುಡುಕುವ ಸೂತ್ರಗಳ ಮೇಲೆ ನಡೆಯುತ್ತಿತ್ತು. ಬೇಕಂತಲೇ ವಕ್ರವಾಗಿ ಬರೆದ ಪಠ್ಯ ಕೊಟ್ಟರೆ ಸರ್ವರನ್ನೇ ಸುಸ್ತು ಮಾಡಬಹುದು ಅಂತ 2019ರಲ್ಲಿ ಒಮ್ಮೆ, 2023ರಲ್ಲಿ ಮತ್ತೊಮ್ಮೆ ತೇಪೆ ಹಾಕಿದರು. 5.1ರಲ್ಲಿ ತೇಪೆಯ ಸಹವಾಸವೇ ಬೇಡ ಅಂತ ಪೈಥಾನಿನ ಎಚ್‌ಟಿಎಂಎಲ್ ಪಾರ್ಸರ್ ಮೇಲೆ ಹೊಸದಾಗಿ ಕಟ್ಟಿದರು. ಇನ್ನೊಂದು, ಪುಟಕ್ಕೆ ತುಣುಕುಗಳನ್ನು ಜೋಡಿಸಿಕೊಡುವ ಫಾರ್ಮ್ಯಾಟ್ ಎಚ್‌ಟಿಎಂಎಲ್. ಓದುಗರ ಹೆಸರನ್ನು ಪೈಥಾನಿನ ಪಠ್ಯ ಜೋಡಿಸುವ ಎಫ್‌ಸ್ಟ್ರಿಂಗಿನಲ್ಲಿ ಮೊದಲೇ ಸೇರಿಸಿ ಇದಕ್ಕೆ ಕೊಟ್ಟರೆ ಎಸ್ಕೇಪ್ ಆಗುವುದಿಲ್ಲ, ಸುರಕ್ಷಿತ ಅನ್ನುವ ಮುದ್ರೆ ಮಾತ್ರ ಬೀಳುತ್ತದೆ. ಹಾಗಾಗಿ ಬೇರೆ ಆರ್ಗ್ಯುಮೆಂಟ್ ಇಲ್ಲದೆ ಕರೆದರೆ 5.0ರಿಂದ ಎಚ್ಚರಿಕೆ, 6.0ರಲ್ಲಿ ನೇರ ಎರರ್. ಪತ್ರಿಕೆ ಸೈಟಿನ ಓದುಗರ ಪ್ರತಿಕ್ರಿಯೆ ವಿಭಾಗದಲ್ಲಿ ಇಂಥ ಎರಡು ಜಾಗ ಇದೇ ಎಚ್ಚರಿಕೆಯಿಂದ ಸಿಕ್ಕವು. ಇದೊಂದಕ್ಕೇ ಅಪ್‌ಗ್ರೇಡಿನ ಖರ್ಚು ವಸೂಲಾಯಿತು ಅಂತ ನನ್ನ ಲೆಕ್ಕ.

ಈಗ ತಕರಾರು. ಪತ್ರಿಕೆಯ ಸಂಪಾದಕರಿಗೆ ಲೇಖನದ ವಿಳಾಸ ಕನ್ನಡದಲ್ಲೇ ಇರಬೇಕೆಂಬ ಆಸೆ, ನ್ಯಾಯವಾದದ್ದೇ. ಅದಕ್ಕೆ ಶೀರ್ಷಿಕೆಯಿಂದ ಸ್ಲಗ್, ಅಂದರೆ ವಿಳಾಸದಲ್ಲಿ ಬರುವ ಹೆಸರಿನ ತುಣುಕು, ಮಾಡಿಕೊಡುವ ಸ್ಲಗಿಫೈ ಇದೆ. ಸುಮ್ಮನೆ ಕರೆದರೆ ಕನ್ನಡವೆಲ್ಲ ಉದುರಿ ಖಾಲಿ ಸ್ಟ್ರಿಂಗ್ ಬರುತ್ತದೆ, ಅದು ಗೊತ್ತಿದ್ದದ್ದೇ. ಯೂನಿಕೋಡ್ ಇರಲಿ ಅನ್ನುವ ಆಯ್ಕೆ 1.9ರಿಂದಲೂ ಇದೆ. ಅದನ್ನು ಹಾಕಿ ‘ಬೆಂಗಳೂರು’ ಕೊಡಿ, ‘ಬಗಳರ’ ಬರುತ್ತದೆ. ‘ಕನ್ನಡ’ ಕೊಡಿ, ‘ಕನನಡ’. ಒತ್ತು, ಸೊನ್ನೆ, ಕೊಂಬು, ಏತ್ವ ಎಲ್ಲ ಮಾಯ. 5.2ರಲ್ಲೂ ಇದೇ ಕಥೆ.

ಕಾರಣ ಜಾಂಗೊಗಿಂತ ಒಂದು ಮೆಟ್ಟಿಲು ಕೆಳಗಿದೆ. ಯೂನಿಕೋಡಿನಲ್ಲಿ ನಮ್ಮ ಕ, ಗ, ಳ ಅಕ್ಷರಗಳ ವರ್ಗಕ್ಕೆ ಸೇರುತ್ತವೆ, ಸ್ವರಚಿಹ್ನೆಗಳು ಮತ್ತು ವಿರಾಮ (ಒತ್ತಕ್ಷರ ಕೂಡಿಸುವ ಹಲಂತ ಚಿಹ್ನೆ) ‘ಗುರುತು’ಗಳ ವರ್ಗಕ್ಕೆ. ಪೈಥಾನಿನ ರೆಜೆಕ್ಸ್ ಪದದೊಳಗಿನ ಅಕ್ಷರ ಅಂತ ಒಪ್ಪುವುದು ಮೊದಲ ವರ್ಗವನ್ನು ಮಾತ್ರ. ಯೂನಿಕೋಡಿನ ಶಿಫಾರಸು ಹಾಗಿಲ್ಲ ಅಂತ ಪೈಥಾನಿಗೆ 2011ರಲ್ಲೇ ದೂರು ಹೋಗಿದೆ. ಫ್ರೆಂಚ್, ಜರ್ಮನ್‌ನವರಿಗೆ ಇದು ಕಾಣುವುದೇ ಇಲ್ಲ, ಅವರ ಚಿಹ್ನೆ ಅಕ್ಷರದ ಜೊತೆಗೇ ಬೆಸೆದುಕೊಂಡಿರುತ್ತದೆ. ಹಿಂದಿ, ತಮಿಳಿನವರಿಗೆ ನಮ್ಮದೇ ಗತಿ. ಜಾಂಗೊ ಹುಟ್ಟಿದ್ದು ಅಮೆರಿಕದ ಕಾನ್ಸಾಸ್‌ನ ಲಾರೆನ್ಸ್ ಅನ್ನುವ ಊರಿನ ಪತ್ರಿಕಾ ಕಚೇರಿಯಲ್ಲಿ. ಲೇಖನದ ವಿಳಾಸ, ಸಾರಾಂಶ, ‘ಎರಡು ಗಂಟೆ ಹಿಂದೆ’ ಅನ್ನುವ ಲೆಕ್ಕ, ಹೀಗೆ ಯುಟಿಲ್ಸ್ ತುಂಬ ಪತ್ರಿಕೆಯ ಕೆಲಸವೇ ಇರುವುದು ಅದಕ್ಕೆ. ಅದು ಇಂಗ್ಲಿಷ್ ಪತ್ರಿಕೆ, ಅಷ್ಟೇ.

ಸ್ಲಗಿಫೈ ಬದಲಿಸಿದರೆ ಮುಗಿಯಿತಾ ಅಂದರೆ ಇಲ್ಲ. ಸ್ಲಗ್ ಫೀಲ್ಡಿನ ವ್ಯಾಲಿಡೇಟರ್ ಕೂಡ ಅದೇ ರೆಜೆಕ್ಸ್ ಬಳಸುವುದರಿಂದ ಕೈಯಲ್ಲಿ ‘ಬೆಂಗಳೂರು’ ಅಂತ ಸರಿಯಾಗಿ ಬರೆದರೂ ತಿರಸ್ಕರಿಸುತ್ತದೆ. ಯುಆರ್‌ಎಲ್‌ನ ಸ್ಲಗ್ ಕನ್ವರ್ಟರ್ ಅಂತೂ ಬರೀ ಆಸ್ಕಿ, ಅಂದರೆ ಇಂಗ್ಲಿಷ್ ಅಕ್ಷರ, ಅಂಕಿಗಳಷ್ಟೇ. ನಾನು ಮಾಡಿದ್ದು: ಯೂನಿಕೋಡ್ ವರ್ಗ ನೋಡಿ ಅಕ್ಷರ, ಗುರುತು, ಅಂಕಿ ಉಳಿಸಿಕೊಳ್ಳುವ ಏಳೆಂಟು ಸಾಲಿನ ಫಂಕ್ಷನ್, ಮಾಮೂಲಿ ಕ್ಯಾರೆಕ್ಟರ್ ಫೀಲ್ಡ್, ಯುಆರ್‌ಎಲ್‌ನಲ್ಲಿ ಸ್ಟ್ರಿಂಗ್ ಕನ್ವರ್ಟರ್. ಜೊತೆಗೆ ಕಣ್ಣಿಗೆ ಕಾಣದ ಕೂಡುಗುರುತಾದ ಝೀರೋ ವಿಡ್ತ್ ಜಾಯ್ನರನ್ನೂ ಉಳಿಸಬೇಕು, ಇಲ್ಲದಿದ್ದರೆ ‘ರ‍್ಯಾಂಕ್’ ಹೋಗಿ ಅರ್ಕಾವತ್ತಿನ ‘ರ್ಯಾಂಕ್’ ಬಂದು ಕೂರುತ್ತದೆ. ಇಷ್ಟಾದ ಮೇಲೂ ವಿಳಾಸವನ್ನು ವಾಟ್ಸಾಪಿಗೆ ಅಂಟಿಸಿದರೆ ಶೇಕಡಾ ಚಿಹ್ನೆಗಳ ಮಾಲೆಯಾಗಬಹುದು. ಆಗ ‘ಬೆಂಗಳೂರು’ ಒಂದಕ್ಕೇ 72 ಅಕ್ಷರ. ಇದಕ್ಕೆ ಜಾಂಗೊ ಹೊಣೆಯಲ್ಲ.

ಟ್ರಂಕೇಟರ್ ಅರ್ಧ ಪಾಸು. ಅಕ್ಷರ ಎಣಿಸುವಾಗ ಕೂಡುಚಿಹ್ನೆಗಳನ್ನು ಬಿಟ್ಟು ಎಣಿಸುವ ಜಾಣತನ ಅದರಲ್ಲಿದೆ, ಅದರಿಂದ ವಿರಾಮ ಉಳಿಯುತ್ತದೆ. ಆದರೆ ನಮ್ಮ ಸ್ವರಚಿಹ್ನೆಗಳಿಗೆ ಯೂನಿಕೋಡ್ ಕೊಟ್ಟಿರುವ, ಕೂಡುಚಿಹ್ನೆ ಗುರುತಿಸಲು ಟ್ರಂಕೇಟರ್ ನೋಡುವ ಸಂಯೋಜನಾ ಸಂಖ್ಯೆ ಸೊನ್ನೆ. ಹಾಗಾಗಿ ಅವು ಲೆಕ್ಕಕ್ಕೆ ಬಂದು ಕತ್ತರಿಯೂ ಅಲ್ಲೇ ಬೀಳುತ್ತದೆ. ಆರಕ್ಕೆ ಕತ್ತರಿಸಿ ಅಂದರೆ ‘ಬೆಂಗಳ…’. ಪದ ಎಣಿಸಿ ಕತ್ತರಿಸುವುದನ್ನು ಬಳಸಿದರೆ ಈ ರಗಳೆ ಇಲ್ಲ. ನಮ್ಮ ಪದಗಳು ಉದ್ದ, ಹಾಗಾಗಿ ಇಂಗ್ಲಿಷಿಗೆ ಮೂವತ್ತು ಪದ ಇಟ್ಟ ಕಡೆ ಹದಿನೆಂಟೋ ಇಪ್ಪತ್ತೋ ಸಾಕು.

ಅಂಕ ಕೊಡಲೇಬೇಕೆಂದರೆ ಅಡಿಕೆ ಸೈಟಿನ ಪರವಾಗಿ ಐದಕ್ಕೆ ನಾಲ್ಕೂವರೆ, ಪತ್ರಿಕೆಯ ಪರವಾಗಿ ಮೂರು. ಕನ್ನಡದ ಸೈಟು ನಡೆಸುವವರು ಏರಿಸುವ ಮುಂಚೆ ಡೇಟಾಬೇಸಿನ ಸ್ಲಗ್ ಕಾಲಮ್ಮನ್ನು ಒಮ್ಮೆ ತೆಗೆದು ನೋಡಿ. ‘ಬಗಳರ’, ‘ಮಸರ’ದಂಥವು ಕಂಡರೆ ಹಳೇ ವಿಳಾಸಗಳಿಂದ ಹೊಸದಕ್ಕೆ ರೀಡೈರೆಕ್ಟ್ ಪಟ್ಟಿ ಮೊದಲು ಮಾಡಿಟ್ಟುಕೊಳ್ಳಿ, ಗೂಗಲ್‌ನಲ್ಲಿ ಇರುವುದು ಆ ತಪ್ಪು ಕಾಗುಣಿತದ ಲಿಂಕುಗಳೇ.