ಜೆಲ್ ಹಚ್ಚಿದ ಇನ್ವೇಷನ್ ಇನ್ಸರ್ಟ್: ಮೆಲನೋಮಾ ಕೆಲಸಕ್ಕೆ ಆಗುತ್ತಾ?

ಕ್ಯಾನ್ಸರ್ ಕೋಶ ಜೆಲ್ ಪದರ ಕೊರೆದು ದಾಟುತ್ತದಾ ಅಂತ ನೋಡುವ ಪುಟ್ಟ ಬಟ್ಟಲು ಇದು. ನಮ್ಮ ಲ್ಯಾಬಿನಲ್ಲಿ ಎ375 ಎಂಬ ಮೆಲನೋಮಾ (ಒಂದು ಬಗೆಯ ಚರ್ಮದ ಕ್ಯಾನ್ಸರ್) ಕೋಶಗಳ ಮೇಲೆ ಬಳಸುತ್ತಿದ್ದೇವೆ. ಒಂದೇ ಮಾತಲ್ಲಿ ಹೇಳಬೇಕೆಂದರೆ, ದುಡ್ಡಿದ್ದರೆ ತಗೊಳ್ಳಿ. ಆದರೆ ಇದು ಏನನ್ನು ತೋರಿಸುತ್ತದೆ, ಏನನ್ನು ತೋರಿಸಲ್ಲ ಅಂತ ಮೊದಲೇ ತಿಳಿದುಕೊಳ್ಳಿ.

ತಳದಲ್ಲಿ 8 ಮೈಕ್ರಾನ್ ತೂತುಗಳ ಪೊರೆ, ಅದರ ಮೇಲೆ ಇಲಿಯ ಗೆಡ್ಡೆಯಿಂದ ತೆಗೆದ ಜೆಲ್. ಜೆಲ್‌ನಲ್ಲಿರುವುದು ಹೆಚ್ಚಾಗಿ ಲ್ಯಾಮಿನಿನ್, ಆಮೇಲೆ 4ನೇ ಬಗೆಯ ಕೊಲಾಜನ್ ಎಂಬ ಪ್ರೋಟೀನುಗಳು. ನಮ್ಮ ಚರ್ಮದ ಮೇಲ್ಪದರದ ಅಡಿಯಲ್ಲೂ ಇಂಥದ್ದೇ ತೆಳು ಪದರ ಇದೆ, ಮೆಲನೋಮಾ ಅದನ್ನು ದಾಟಿ ಕೆಳಗಿಳಿದ ಮೇಲೇ ಬೇರೆ ಅಂಗಗಳಿಗೆ ಹರಡುವ ದಾರಿ ತೆರೆದುಕೊಳ್ಳುವುದು. ಆ ದಾಟುವ ಕೆಲಸ ಇಲ್ಲಿ ಚೆನ್ನಾಗಿ ಕಾಣುತ್ತದೆ. ಮೇಲೆ ಸೀರಮ್ ಇಲ್ಲದ ಮೀಡಿಯಾದಲ್ಲಿ (ಕೋಶ ಬೆಳೆಸುವ ದ್ರವ) ಕೋಶ, ಕೆಳಗೆ ಅವನ್ನು ಸೆಳೆಯುವ ಸೀರಮ್, ಒಂದು ರಾತ್ರಿ ಬಿಟ್ಟು, ಮೇಲೆ ಉಳಿದ ಕೋಶಗಳನ್ನು ಹತ್ತಿಕಡ್ಡಿಯಿಂದ ಒರೆಸಿ ಕ್ರಿಸ್ಟಲ್ ವಯಲೆಟ್ ಹಾಕಿದರೆ, ದಾಟಿ ಬಂದವು ನೇರಳೆ ಬಣ್ಣದಲ್ಲಿ ಪೊರೆಯ ಕೆಳಮೈಗೆ ಅಂಟಿಕೊಂಡಿರುತ್ತವೆ. ಕೋಶದ ಮೇಲಿದ್ದು ಇಂಥ ಪದರವನ್ನು ಹಿಡಿಯುವ ರಿಸೆಪ್ಟರ್ ಆದ ಬೀಟಾ1 ಇಂಟೆಗ್ರಿನ್‌ಗೆ ಬ್ಲಾಕಿಂಗ್ (ಅದರ ಕೆಲಸ ತಡೆಯುವ) ಆ್ಯಂಟಿಬಾಡಿ ಹಾಕಿದಾಗ ನಮಗೆ ಬಣ್ಣ ಇಳಿದದ್ದು ಬರಿಗಣ್ಣಿಗೇ ಗೊತ್ತಾಯಿತು.

ಆಲ್ಫಾವಿ ಬೀಟಾ3 ಎಂಬ ಇನ್ನೊಂದು ಇಂಟೆಗ್ರಿನ್ ನೋಡುವವರು ಮಾತ್ರ ಹುಷಾರು. ಮೆಲನೋಮಾ ಆಳಕ್ಕೆ ಬೆಳೆಯುವ ಹಂತದಲ್ಲಿ ಈ ರಿಸೆಪ್ಟರ್ ಜಾಸ್ತಿ ಆಗುತ್ತದೆ ಎಂಬುದು 1990ರಿಂದಲೇ ಗೊತ್ತಿರುವ ವಿಷಯ. ಆದರೆ ಅದು ಮುಖ್ಯವಾಗಿ ಹಿಡಿಯುವುದು ವಿಟ್ರೋನೆಕ್ಟಿನ್ ಥರದ ಪ್ರೋಟೀನನ್ನು, ಈ ಜೆಲ್‌ನಲ್ಲಿರುವುದು ಬೇರೆಯೇ. ಹಾಗಾಗಿ ಇಲ್ಲಿ ವ್ಯತ್ಯಾಸ ಕಾಣಲಿಲ್ಲ ಅಂತ ರಿಸೆಪ್ಟರನ್ನೇ ತಳ್ಳಿಹಾಕಬೇಡಿ. ಕೋಶಕ್ಕೆ ಕೋಶ ಅಂಟಿಸುವ ಕ್ಯಾಡ್ಹೆರಿನ್ ಪ್ರೋಟೀನುಗಳ ಕಥೆಯೂ ಅಷ್ಟೇ. ಇ-ಕ್ಯಾಡ್ಹೆರಿನ್ ಬಿಟ್ಟು ಎನ್-ಕ್ಯಾಡ್ಹೆರಿನ್ ಹಿಡಿದ ಕೋಶ ಪಕ್ಕದ, ಚರ್ಮದ ಮೇಲ್ಪದರದ ಮಾಮೂಲಿ ಕೋಶಗಳಾದ ಕೆರಟಿನೋಸೈಟ್‌ಗಳಿಂದ ಬಿಡಿಸಿಕೊಳ್ಳುತ್ತದೆ ಅಂತೀವಲ್ವಾ, ಇಲ್ಲಿ ಬಿಡಿಸಿಕೊಳ್ಳೋಕೆ ಕೆರಟಿನೋಸೈಟೇ ಇಲ್ಲ.

ಜೆಲ್ ಇಲ್ಲದ ಇನ್ಸರ್ಟನ್ನೂ ಜೊತೆಗೇ ತರಿಸಿ. ಅದಿಲ್ಲದೆ ಕೋಶ ಸುಮ್ನೆ ಓಡಾಡಿದ್ದೋ, ಜೆಲ್ ಕೊರೆದು ಬಂದದ್ದೋ ಹೇಳೋಕೆ ಆಗಲ್ಲ. ದುಡ್ಡು ಉಳಿಸೋಕೆ ಇದನ್ನೇ ಬಿಡುವವರನ್ನು ನೋಡಿದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ.

ನಮಗೆ ಬೇಸರವಾಗಿದ್ದು ಸಾಗಣೆಯಲ್ಲಿ. ಒಂದು ಸಲ ಡೀಲರ್ ಕಳಿಸಿದ ಡಬ್ಬಿಯಲ್ಲಿ ಡ್ರೈ ಐಸ್ ಪೂರ್ತಿ ಹಾರಿಹೋಗಿತ್ತು, ಪ್ಯಾಕೆಟ್ ಒಳಗೆಲ್ಲ ತೇವ. ವಾಪಸ್ ತಗೊಂಡರು, ಆದರೆ ಬದಲಿ ಬರುವಷ್ಟರಲ್ಲಿ ಬೆಳೆಸಿಟ್ಟ ಕೋಶಗಳೆಲ್ಲ ದಂಡ. ಶುಕ್ರವಾರ ಆರ್ಡರ್ ಹೊರಡದಂತೆ ನೋಡಿಕೊಳ್ಳಿ, ಬಂದ ಕೂಡಲೇ ಡೆಲಿವರಿಯವರ ಎದುರೇ ಡಬ್ಬಿ ಬಿಚ್ಚಿ.