ಗ್ರಿಡ್ ಬ್ಯಾಟರಿಯ ಲೆಕ್ಕಕ್ಕೆ ‘ಸ್ಯಾಮ್’
ಅಮೆರಿಕದ ರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಪ್ರಯೋಗಾಲಯ (ಎನ್‌ಆರ್‌ಇಎಲ್) ರೂಪಿಸಿದ ಉಚಿತ ತಂತ್ರಾಂಶ ಸಿಸ್ಟಮ್ ಅಡ್ವೈಸರ್ ಮಾಡೆಲ್, ಅಂದರೆ ಸ್ಯಾಮ್, ಗ್ರಿಡ್ ಬ್ಯಾಟರಿಯ (ವಿದ್ಯುತ್ ಜಾಲಕ್ಕೆ ಜೋಡಿಸುವ ದೊಡ್ಡ ಬ್ಯಾಟರಿಯ) ಮೊದಲ ಅಂದಾಜಿಗೆ ಬಹಳ ಒಳ್ಳೆಯದು. ಎಡವುವುದು ಗಾತ್ರ ತುಂಬುವಾಗ. 10 ಮೆಗಾವ್ಯಾಟ್ ವಿದ್ಯುತ್ತನ್ನು 4 ಗಂಟೆ ಕೊಡಲು 40 ಮೆಗಾವ್ಯಾಟ್-ಗಂಟೆಯ ಬ್ಯಾಟರಿ ಸಾಲದು. ಚಾರ್ಜನ್ನು ಶೇ 10ರಿಂದ 90ರೊಳಗೆ ಇಟ್ಟು, ಡಿಸ್ಚಾರ್ಜ್ ದಕ್ಷತೆ ಶೇ 95 ಹಿಡಿದರೆ ಸುಮಾರು 53 ಬೇಕು. ಬ್ಯಾಟರಿ ಸವೆದು ಸಾಮರ್ಥ್ಯ ಶೇ 80ಕ್ಕೆ ಇಳಿದ ಮೇಲೂ ಅಷ್ಟೇ ಕೊಡಬೇಕಾದರೆ 66. ಈ ಸವಕಳಿಯನ್ನು ವರ್ಷವಾರು ತೋರಿಸುವುದೇ ಸ್ಯಾಮ್‌ನ ದೊಡ್ಡ ಗುಣ. ತಂಪುಗೊಳಿಸುವ ಯಂತ್ರಗಳು ಎಳೆಯುವ ವಿದ್ಯುತ್ತನ್ನು ನಷ್ಟದ ಭಾಗದಲ್ಲಿ ಮರೆಯದೆ ಸೇರಿಸಿ. ತಂತ್ರಾಂಶದಲ್ಲಿ ಮೊದಲೇ ತುಂಬಿರುವ ದರಗಳು ಡಾಲರಿನವು, ಅಮೆರಿಕದವು. ಕರ್ನಾಟಕದ ಯೋಜನೆಗೆ ಇನ್ವರ್ಟರ್, ಟ್ರಾನ್ಸ್‌ಫಾರ್ಮರ್, ಜಿಎಸ್‌ಟಿ ಎಲ್ಲವನ್ನೂ ನೀವೇ ಹಾಕಬೇಕು. ಬ್ಯಾಟರಿ ಬದಲಾವಣೆಯ ಖರ್ಚನ್ನು ಸೊನ್ನೆ ಬಿಟ್ಟರೆ ಯೂನಿಟ್ ದರ ಸುಳ್ಳೇ ಅಗ್ಗವಾಗಿ ಕಾಣುತ್ತದೆ.